ಕಾಲೇಜು ರಿಸೀವರ್‌ಗಳ ಅಂಕಿಗಳನ್ನು ನಂಬುವುದು ಹೇಗೆ, ಎಷ್ಟು

ಪ್ರತಿ ಏಪ್ರಿಲ್‌ನಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್ (ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವುದು) ಮುಗಿಯುತ್ತಿದ್ದಂತೆ, ನಿಜವಾದ ಆಟಗಾರರನ್ನು ಆರಿಸಿ ಅವರ ಅಂಕಿಗಳ ಮೇಲೆ ಫ್ಯಾಂಟಸಿ ಲೀಗ್ ಆಡುವವರಲ್ಲಿ ರಿಸೀವರ್‌ಗಳ (ಎಸೆದ ಚೆಂಡು ಹಿಡಿದು ಓಡುವವರ) ಬಗ್ಗೆ ಅದೇ ಜಗಳ ಶುರು. "ಕಾಲೇಜಲ್ಲಿ 1,500 ಯಾರ್ಡ್ ಹೊಡೆದಿದಾನೆ, ಕಣ್ಮುಚ್ಚಿ ತಗೊಳ್ಳಿ" ಅಂತ ಒಬ್ಬ, "ಅದೆಲ್ಲ ಬಿಡಿ, ಓಟದ ವೇಗ ನೋಡಿ" ಅಂತ ಇನ್ನೊಬ್ಬ. ಕಾಲೇಜಿನ ಅಂಕಿಗಳು ಮುಂದಿನದನ್ನು ಸ್ವಲ್ಪ ಮಟ್ಟಿಗೆ ಹೇಳುತ್ತವೆ. ಆದರೆ ಒಟ್ಟು ಯಾರ್ಡ್ (ಪಾಸ್ ಹಿಡಿದು ತಂಡವನ್ನು ಮುಂದೊಯ್ದ ದೂರ) ಅದನ್ನು ಹೇಳುವುದಿಲ್ಲ.

ಝೇ ಜೋನ್ಸ್ ನೋಡಿ. ಈಸ್ಟ್ ಕ್ಯಾರೊಲೈನಾ ಯೂನಿವರ್ಸಿಟಿಯಲ್ಲಿ 2016ರ ಒಂದೇ ಸೀಸನ್‌ನಲ್ಲಿ 158 ಕ್ಯಾಚ್. ಎನ್‌ಎಫ್‌ಎಲ್‌ಗೆ ಬಂದ ಮೇಲೆ ಒಂದು ಸೀಸನ್‌ನಲ್ಲೂ 1,000 ಯಾರ್ಡ್ ಮುಟ್ಟಲಿಲ್ಲ. ಇಡೀ ಪಂದ್ಯ ಪಾಸ್ ಎಸೆಯುತ್ತಲೇ ಇರುವ ತಂಡದಲ್ಲಿ ಸಿಕ್ಕ ಅಂಕಿಯನ್ನು, ರಣಜಿಯಲ್ಲಿ ಸಪಾಟು ಪಿಚ್ ಮೇಲೆ ಬಂದ ಡಬಲ್ ಸೆಂಚುರಿಯನ್ನು ನೋಡುವ ಹಾಗೇ ನೋಡಬೇಕು.

ಹಾಗಾಗಿ ಮೊದಲು ಪಾಲು ಲೆಕ್ಕ ಹಾಕಿ. ಆಟಗಾರನ ಯಾರ್ಡನ್ನು ತಂಡದ ಒಟ್ಟು ಪಾಸಿಂಗ್ ಯಾರ್ಡ್‌ನಿಂದ ಭಾಗಿಸಿ, ಟಚ್‌ಡೌನ್‌ಗೂ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಹಾಗೇ ಮಾಡಿ, ಎರಡರ ಸರಾಸರಿ ತೆಗೆಯಿರಿ. ಇದನ್ನೇ ಡಾಮಿನೇಟರ್ ರೇಟಿಂಗ್ ಅನ್ನುತ್ತಾರೆ. 2019ರ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ) ತಂಡ ಹತ್ತಿರ ಹತ್ತಿರ 6,000 ಯಾರ್ಡ್ ಪಾಸ್ ಮಾಡಿತ್ತು. ಅದರಲ್ಲಿ ಜಮಾರ್ ಚೇಸ್ 1,780, ಅಂದರೆ ಸುಮಾರು 30 ಶೇಕಡಾ. ಜಸ್ಟಿನ್ ಜೆಫರ್ಸನ್ 1,540, ಅಂದರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಬರೀ ಶೇಕಡಾ ನೋಡಿದರೆ ಜೆಫರ್ಸನ್ ಸಾಧಾರಣ ಅನ್ನಿಸುತ್ತಾನೆ, ಅಲ್ವಾ? ಆದರೆ ಪಕ್ಕದಲ್ಲಿ ಚೇಸ್ ಇದ್ದ, ಟೆರೆಸ್ ಮಾರ್ಷಲ್ ಇದ್ದ, ಚೆಂಡು ಎಸೆಯುತ್ತಿದ್ದವನು ಜೋ ಬರೋ. ಅಷ್ಟು ಜನರ ನಡುವೆ ಕಾಲು ಭಾಗ ಕಿತ್ತುಕೊಳ್ಳುವುದು ಸುಮ್ನೆ ಅಲ್ಲ. ದುರ್ಬಲ ತಂಡದಲ್ಲಿ ಸಿಕ್ಕ 35 ಶೇಕಡಾಗಿಂತ ಇದನ್ನೇ ನಾನು ಮೇಲೆ ಇಡುತ್ತೇನೆ.

ಪಾಲು ಪೂರ್ತಿ ದಾರಿ ತಪ್ಪಿಸುವುದೂ ಉಂಟು. ಟೆರಿ ಮೆಕ್ಲಾರಿನ್ 2018ರಲ್ಲಿ ಒಹಾಯೊ ಸ್ಟೇಟ್‌ಗೆ ಹಿಡಿದದ್ದು ಬರೀ 35 ಕ್ಯಾಚ್. ಆದರೆ ಅಷ್ಟರಲ್ಲೇ 701 ಯಾರ್ಡ್, 11 ಟಚ್‌ಡೌನ್. ಮೂರನೇ ಸುತ್ತಿನಲ್ಲಿ ಹೋದವನು 2020ರಿಂದ 2024ರವರೆಗೆ ಪ್ರತಿ ವರ್ಷ ಸಾವಿರ ಯಾರ್ಡ್ ದಾಟಿದ. ಕಿಕ್ಕಿರಿದ ತಂಡದವನಾದರೆ ಕ್ಯಾಚ್‌ಗೆ ಎಷ್ಟು ಯಾರ್ಡ್, ಓಡಿದ ಪ್ರತಿ ರೂಟ್‌ಗೆ (ಪಾಸ್‌ಗಾಗಿ ಓಡುವ ನಿಗದಿತ ದಾರಿ) ಎಷ್ಟು ಯಾರ್ಡ್ ಅನ್ನುವುದನ್ನೂ ನೋಡಿ.

ಆಮೇಲೆ ವಯಸ್ಸು. ತಂಡದ ಪಾಸಿಂಗ್‌ನಲ್ಲಿ 20 ಶೇಕಡಾ ಪಾಲು (ಕೆಲವರು 30 ಅನ್ನುತ್ತಾರೆ) ಮೊದಲ ಸಲ ಯಾವ ವಯಸ್ಸಿನಲ್ಲಿ ಬಂತು? ಚೇಸ್‌ಗೆ ಆಗ 19. 23ರ ಹುಡುಗ 18ರ ಹುಡುಗರ ಮೇಲೆ ಆಡಿ ತಂದ ಅಂಕಿಗೆ ಅಷ್ಟು ತೂಕ ಕೊಡಬೇಡಿ. ಕೋವಿಡ್ ಸೀಸನ್‌ಗೆ ಆಟಗಾರರಿಗೆ ಕಾಲೇಜಿನಲ್ಲಿ ಆಡಲು ಒಂದು ವರ್ಷ ಹೆಚ್ಚುವರಿ ಸಿಕ್ಕ ಮೇಲಂತೂ ಹುಟ್ಟಿದ ದಿನಾಂಕ ನೋಡದೆ ಮುಂದೆ ಹೋಗಲೇಬೇಡಿ.

ಪಂದ್ಯಗಳ ಸಂಖ್ಯೆ ಎಣಿಸುವುದನ್ನು ಬಹಳ ಜನ ಮರೆಯುತ್ತಾರೆ. ಪೂಕಾ ನಕೂವಾ 2022ರಲ್ಲಿ ಬಿವೈಯುಗೆ (ಬ್ರಿಗಮ್ ಯಂಗ್ ಯೂನಿವರ್ಸಿಟಿ) 625 ಯಾರ್ಡ್ ಅಷ್ಟೇ. ಆದರೆ ಗಾಯದಿಂದ ಆಡಿದ್ದು ಒಂಬತ್ತೇ ಪಂದ್ಯ. ಐದನೇ ಸುತ್ತಿನಲ್ಲಿ ಎನ್‌ಎಫ್‌ಎಲ್‌ನ ರ‍್ಯಾಮ್ಸ್ ಎತ್ತಿಕೊಂಡಿತು, ಮೊದಲ ವರ್ಷವೇ 105 ಕ್ಯಾಚ್, 1,486 ಯಾರ್ಡ್.

ವಿಡಿಯೋ ನೋಡುವಾಗ ಒಂದು ಸಣ್ಣ ವಿಷಯ. ಕಾಲೇಜು ಮೈದಾನದಲ್ಲಿ ಎರಡು ಹ್ಯಾಶ್ ಗೆರೆಗಳ (ಚೆಂಡನ್ನು ಇವುಗಳ ಮೇಲೆ ಅಥವಾ ನಡುವೆ ಇಟ್ಟೇ ಆಟ ಶುರು ಮಾಡುತ್ತಾರೆ) ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಚೆಂಡು ಒಂದು ಹ್ಯಾಶ್ ಗೆರೆಯ ಮೇಲಿದ್ದರೆ ಕಾಲೇಜಿನಲ್ಲಿ ಇನ್ನೊಂದು ಕಡೆ ಬಯಲೇ ಬಯಲು. ಅಲ್ಲಿ ಸ್ಕ್ರೀನ್ ಪಾಸ್ (ಮುಂದೆ ಜೊತೆಗಾರರನ್ನು ತಡೆಯಾಗಿ ನಿಲ್ಲಿಸಿ ಹತ್ತಿರಕ್ಕೇ ಎಸೆಯುವ ಪಾಸ್) ಹಿಡಿದು ಓಡಿದ ಯಾರ್ಡನ್ನು ಮನಸ್ಸಿನಲ್ಲೇ ಸ್ವಲ್ಪ ಕಳೆಯಿರಿ. ಡಿಫೆಂಡರ್ ಮೈಮೇಲೆ ಬಿದ್ದಾಗ ಬಿಡಿಸಿಕೊಂಡು ಹಿಡಿದದ್ದೇ ಮುಂದೆಯೂ ನಡೆಯುವುದು.

ಡ್ರಾಫ್ಟ್‌ಗೆ ಮುಂಚಿನ 40 ಯಾರ್ಡ್ ಓಟದ ಪರೀಕ್ಷೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಜಾನ್ ರಾಸ್ 4.22 ಸೆಕೆಂಡಿನಲ್ಲಿ ಓಡಿ 2017ರಲ್ಲಿ ಒಂಬತ್ತನೆಯವನಾಗಿ ಹೋದ, ಆಮೇಲೆ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಯಾವ ಸುತ್ತಿನಲ್ಲಿ ಹೋದ ಅಂತ ನೋಡಿ. ತಂಡಗಳ ಬಳಿ ನಮಗೆ ಸಿಗದ ವೈದ್ಯಕೀಯ ವರದಿ ಇರುತ್ತದೆ, ದೊಡ್ಡ ಮೊತ್ತ ಹಾಕಿದವನಿಗೆ ಅವಕಾಶವೂ ಜಾಸ್ತಿ ಕೊಡುತ್ತಾರೆ. ಆದರೆ ಅವರೂ ಎಡವುತ್ತಾರೆ. 2020ರಲ್ಲಿ ಈಗಲ್ಸ್ 21ನೆಯವನಾಗಿ ಜೇಲೆನ್ ರೇಗರ್‌ನನ್ನು ತೆಗೆದುಕೊಂಡಿತು. ಹಿಂದಿನ ಸೀಸನ್‌ನಲ್ಲಿ ಅವನದು 611 ಯಾರ್ಡ್. ಮರುಕ್ಷಣವೇ ವೈಕಿಂಗ್ಸ್ ಜೆಫರ್ಸನ್‌ನನ್ನು ಎತ್ತಿಕೊಂಡಿತು. ಸ್ಲಾಟ್‌ನಲ್ಲಿ (ಅಂಚಿನ ಬದಲು ಒಳಗಡೆ ನಿಲ್ಲುವ ಜಾಗ) ಮಾತ್ರ ಆಡಬಲ್ಲ ಅನ್ನುವ ಅನುಮಾನ ಅವನ ಮೇಲಿತ್ತು. ಮೊದಲ ವರ್ಷವೇ 1,400 ಯಾರ್ಡ್!

ಎಲ್ಲ ಪರೀಕ್ಷೆಯಲ್ಲೂ ಪಾಸಾಗಿ ಸೋತವನೂ ಇದ್ದಾನೆ. ಕೋರಿ ಡೇವಿಸ್‌ನದು 5,285 ಯಾರ್ಡ್, ಕಾಲೇಜು ಫುಟ್‌ಬಾಲ್‌ನ ಮೇಲಿನ ದರ್ಜೆಯ ದಾಖಲೆ. ಚಿಕ್ಕ ವಯಸ್ಸಿನಲ್ಲೇ ಮಿಂಚಿದ, ಡ್ರಾಫ್ಟ್‌ನಲ್ಲಿ ಐದನೆಯವನು. ಎನ್‌ಎಫ್‌ಎಲ್‌ನಲ್ಲಿ ಅವನ ಅತ್ಯುತ್ತಮ ಸೀಸನ್ 984 ಯಾರ್ಡ್.

ಅದಕ್ಕೇ ಒಬ್ಬನ ಮೇಲೇ ಎಲ್ಲ ಸುರಿಯುವ ಬದಲು, ಇಬ್ಬರು ಸಮ ಅನ್ನಿಸಿದರೆ ಕಿರಿಯವನನ್ನು ತಗೊಳ್ಳಿ, ನಿಮ್ಮ ಲೀಗ್‌ನ ಆಯ್ಕೆಯ ಕೊನೆಯ ಸುತ್ತುಗಳನ್ನು ಗಾಯದಿಂದ ಅಂಕಿ ಕಳೆದುಕೊಂಡವರಿಗೆ ಇಟ್ಟುಕೊಳ್ಳಿ.