ನಾಯಿಯ ಮಲಕ್ಕೆ ಹಿತ್ತಲಲ್ಲೊಂದು ಡ್ರಮ್ಮು

ಇಪ್ಪತ್ತು ಕಿಲೊ ತೂಗುವ ನಾಯಿ ದಿನಕ್ಕೆ ಹೆಚ್ಚುಕಡಿಮೆ 300 ಗ್ರಾಂ ಮಲ ಹಾಕುತ್ತದೆ. ವರ್ಷಕ್ಕೆ ಒಂದು ಕ್ವಿಂಟಲ್ ದಾಟಿತು. ಸಗಣಿ ಹಾಕುವುದಿಲ್ಲವೇ, ಇದೂ ಹಾಗೆಯೇ ಎಂದು ಗಿಡದ ಬುಡಕ್ಕೆ ಸುರಿಯುವವರಿದ್ದಾರೆ, ಅದು ತಪ್ಪು. ನಾಯಿಯ ಮಲದಲ್ಲಿ ದುಂಡುಹುಳು, ಕೊಕ್ಕೆಹುಳುಗಳ ಮೊಟ್ಟೆ ಇರಬಹುದು. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಮಣ್ಣಾಡುವ ಮಕ್ಕಳ ಬಾಯಿಗೆ ಹೋದರೆ ಕಣ್ಣಿಗೂ ಕುತ್ತು.

ಹಿತ್ತಲಿದ್ದವರಿಗೆ ಸುಲಭದ ದಾರಿ, ನೆಲದಲ್ಲಿ ಹೂತ ಡ್ರಮ್. ಬೇಕಾದದ್ದು ಮುಚ್ಚಳವಿರುವ 60 ಲೀಟರಿನ ಪ್ಲಾಸ್ಟಿಕ್ ಡ್ರಮ್. ಗುಜರಿಯಲ್ಲಿ ಸಿಗುವ ಹಳೆಯದೇ ಸಾಕು. ತಳ ಕೊಯ್ದು ತೆಗೆಯಿರಿ. ಪಕ್ಕದಲ್ಲಿ, ಕೆಳಗಿನ ಮುಕ್ಕಾಲು ಭಾಗಕ್ಕೆ ಕಿರುಬೆರಳು ಹೋಗುವಷ್ಟು ದಪ್ಪದ ಇಪ್ಪತ್ತು ತೂತು ಕೊರೆಯಿರಿ. ಡ್ರಮ್ಮಿನ ಎತ್ತರಕ್ಕಿಂತ ಒಂದು ಗೇಣು ಆಳಕ್ಕೆ ಗುಂಡಿ ತೋಡಿ, ತಳಕ್ಕೆ ಜಲ್ಲಿ ತುಂಬಿ ಡ್ರಮ್ ಇಳಿಸಿ. ಅಂಚು ನೆಲದಿಂದ ನಾಲ್ಕು ಬೆರಳು ಮೇಲಿರಲಿ, ಇಲ್ಲದಿದ್ದರೆ ಮೊದಲ ಮಳೆಗೇ ನೀರು ನುಗ್ಗುತ್ತದೆ.

ಗುಂಡಿಗೂ ಬಾವಿಗೂ ಕನಿಷ್ಠ 30 ಮೀಟರ್ ಅಂತರ ಬೇಕು. ಕರಾವಳಿಯಲ್ಲಿ ಮನೆಗೊಂದು ಬಾವಿ, ಮಳೆಗಾಲದಲ್ಲಿ ನೀರು ಕೈಗೆಟಕುವಷ್ಟು ಮೇಲೆ. ಅಲ್ಲಿ ಈ ವಿಧಾನ ಬೇಡವೇ ಬೇಡ. ಎರೆಮಣ್ಣಿನ ಊರುಗಳಲ್ಲೂ ಕಷ್ಟ, ನೀರು ಇಂಗದೆ ಗುಂಡಿ ಕೆಸರಾಗುತ್ತದೆ. ಕೆಂಪು ಮಣ್ಣಿನ ಹಿತ್ತಲಿಗೆ ಇದು ಹೇಳಿ ಮಾಡಿಸಿದಂತಿದೆ.

ಮೊದಲ ದಿನ ಎರಡು ಚೊಂಬು ಗಟ್ಟಿ ಸಗಣಿ ನೀರು ಹೊಯ್ಯಿರಿ. ಕೊಳೆಸುವ ಜೀವಾಣುಗಳು ಅದರಿಂದಲೇ ಬರುತ್ತವೆ. ಆಮೇಲೆ ಪ್ರತಿ ಸಲ ಮಲ ಹಾಕಿದಾಗ, ಅದರ ಅರ್ಧದಷ್ಟು ಮರದ ಹೊಟ್ಟು ಅಥವಾ ಪುಡಿಮಾಡಿದ ಒಣ ಎಲೆ ಮೇಲೆ ಹರಡಿ ಮುಚ್ಚಳ ಹಾಕಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಚೊಂಬು ನೀರು ಸಾಕು.

ನಾತ ಬಂದರೆ ಹೊಟ್ಟು ಕಡಿಮೆಯಾಗಿದೆ ಅಥವಾ ನೀರು ಹೆಚ್ಚಾಗಿದೆ ಎಂದರ್ಥ. ನೊಣ ಎದ್ದರೆ ಮೇಲಿನ ಪದರ ಸರಿಯಾಗಿ ಮುಚ್ಚಿಲ್ಲ. ತಿಂಗಳಾದರೂ ಇಳಿಯದೆ ಹಾಗೇ ಕೂತಿದೆಯೇ? ಯಾರೋ ಫಿನಾಯಿಲ್ ಸುರಿದಿರುತ್ತಾರೆ. ಮನೆಯಲ್ಲಿ ಹಿರಿಯರಿದ್ದರೆ ಮೊದಲೇ ಹೇಳಿಟ್ಟಿರಿ, ವಾಸನೆ ಇರಲಿ ಬಿಡಲಿ ಅವರ ಕೈ ಫಿನಾಯಿಲ್ ಬಾಟಲಿಗೇ ಹೋಗುತ್ತದೆ. ನಾಯಿಗೆ ಜಂತುಹುಳುವಿನ ಮಾತ್ರೆ ಕೊಟ್ಟ ಮೂರ್ನಾಲ್ಕು ದಿನದ ಮಲವನ್ನೂ ಇಲ್ಲಿಗೆ ಹಾಕಬೇಡಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಕೊಡಿ. ಮಾತ್ರೆಯನ್ನು ಮಾತ್ರ ತಪ್ಪಿಸುವಂತಿಲ್ಲ: ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಮರಿಗೆ ಇನ್ನೂ ಬೇಗ ಬೇಗ, ಪಶುವೈದ್ಯರು ಹೇಳಿದಂತೆ. ಬೆಕ್ಕಿನ ಮಲ ಈ ಡ್ರಮ್ಮಿಗೆ ಬೇಡ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಅದರಲ್ಲಿರಬಹುದು, ಬಸುರಿಯರಿಗೆ ಅದು ಅಪಾಯ.

ಒಂದು ನಾಯಿಗೆ ಡ್ರಮ್ ತುಂಬಲು ಆರು ತಿಂಗಳ ಆಸುಪಾಸು ಹಿಡಿಯುತ್ತದೆ. ಒಂದು ಗೇಣು ಉಳಿದಾಗ ಮಣ್ಣು ತುಂಬಿಸಿ ಮುಚ್ಚಿ, ಕನಿಷ್ಠ ಒಂದು ವರ್ಷ ಮುಟ್ಟಬೇಡಿ. ಹಾಗಾಗಿ ಒಟ್ಟು ಮೂರು ಡ್ರಮ್ ಬೇಕು: ಒಂದು ತುಂಬುತ್ತಿರುವಾಗ ಎರಡು ಮಾಗುತ್ತಿರುತ್ತವೆ. ಆಗಲೂ ನೆನಪಿರಲಿ, ಹುಳುವಿನ ಮೊಟ್ಟೆ ಸಾಯಲು ರಾಶಿ 60 ಡಿಗ್ರಿಯಷ್ಟು ಬಿಸಿಯಾಗಿ ಕೆಲವು ದಿನ ಹಾಗೇ ಇರಬೇಕು. ಇಷ್ಟು ಚಿಕ್ಕ ಡ್ರಮ್ ಅಷ್ಟು ಕಾಯುವುದಿಲ್ಲ. ಹಾಗಾಗಿ ಈ ಗೊಬ್ಬರ ದಾಸವಾಳ, ಕಣಗಿಲೆಯಂಥ ಹೂಗಿಡಕ್ಕೆ ಮಾತ್ರ, ಅದೂ ಕೈಗವಸು ಹಾಕಿಕೊಂಡು. ಸೊಪ್ಪು, ಮೂಲಂಗಿ, ಟೊಮೆಟೊ ಮಡಿಗೆ ಎಂದೂ ಬೇಡ.

ಹಿತ್ತಲಿಲ್ಲದ ಫ್ಲ್ಯಾಟಿನವರಿಗೆ ಹಳೆಯ ದಿನಪತ್ರಿಕೆಯೇ ಸರಿ. ಹಾಳೆಯನ್ನು ಎರಡು ಮಡಿಕೆ ಮಾಡಿ ಎತ್ತಿ, ಸುತ್ತಿ, ಡೈಪರ್ ಹೋಗುವ ರಿಜೆಕ್ಟ್ ಕಸಕ್ಕೆ ಹಾಕಿ. ಹಸಿಕಸದ ಬುಟ್ಟಿಗೆ ಹಾಕಿದರೆ ಅದೆಲ್ಲ ಗೊಬ್ಬರವಾಗಿ ತರಕಾರಿ ಹೊಲಕ್ಕೆ ಹೋಗಬಹುದು. ಅಂಗಡಿಯಲ್ಲಿ 'ಬಯೋಡಿಗ್ರೇಡಬಲ್' ಎಂದು ಬರೆದ ಚೀಲ ಕಂಡರೆ ನಂಬುವ ಮೊದಲು ತಿರುಗಿಸಿ ಓದಿ. 'ಆಕ್ಸೊ' ಎಂಬ ಪದವಿದ್ದರೆ ಅದು ಕೊಳೆಯುವ ಚೀಲವಲ್ಲ, ಚೂರುಚೂರಾಗಿ ಮಣ್ಣು ಸೇರುವ ಪ್ಲಾಸ್ಟಿಕ್. ನಿಜವಾಗಿ ಕೊಳೆಯುವ ಚೀಲದ ಮೇಲೆ ಐಎಸ್/ಐಎಸ್‌ಒ 17088 ಎಂಬ ಮಾನಕದ ಸಂಖ್ಯೆ ಇರಬೇಕು; ಅದೂ ಕಾಂಪೋಸ್ಟ್ ಘಟಕದ ಬಿಸಿಯಲ್ಲಿ ಕೊಳೆಯುವುದೇ ಹೊರತು ಚರಂಡಿಯಲ್ಲಲ್ಲ.