ಹಳೆಯ ಹತಾರಗಳನ್ನು ಮಲೆನಾಡಿನ ಮಳೆಯಿಂದ ಕಾಪಿಟ್ಟ ಬಗೆ

ಸಾಗರದ ಸಮೀಪದ ನಮ್ಮ ಮನೆಯ ಹಿಂಭಾಗದ ಕೋಣೆಯಲ್ಲಿ ಈಗ ನೂರ ನಲವತ್ತಕ್ಕೂ ಹೆಚ್ಚು ಹಳೆಯ ಮರಗೆಲಸದ ಹತಾರಗಳಿವೆ. ಇಪ್ಪತ್ತೋ ಮೂವತ್ತೋ ಇದ್ದಾಗ ಅವುಗಳನ್ನು ಇಡುವುದು ಒಂದು ಸಮಸ್ಯೆಯೆಂದೇ ನನಗೆ ಅನ್ನಿಸಿರಲಿಲ್ಲ. ಪಶ್ಚಿಮದ ಗೋಡೆಗೆ ಮೊಳೆ ಹೊಡೆದು, ಗರಗಸಗಳನ್ನು ಒಂದು ಸಾಲಿನಲ್ಲಿ, ಉಳಿಗಳನ್ನು ಅಳತೆಯ ಕ್ರಮದಲ್ಲಿ ಇನ್ನೊಂದು ಸಾಲಿನಲ್ಲಿ ತೂಗುಹಾಕಿ, ಬಂದವರಿಗೆಲ್ಲ ತೋರಿಸಿ ಸಂತೋಷಪಡುತ್ತಿದ್ದೆ. ಆ ವರ್ಷದ ಆಗಸ್ಟ್ ವೇಳೆಗೆ ಗರಗಸಗಳ ಗೋಡೆಯ ಕಡೆಯ ಮೈಯೆಲ್ಲ ಕೆಂಪಾಗಿತ್ತು, ಕೋಣೆಯ ಕಡೆಯ ಮೈ ಮಾತ್ರ ಹೊಳೆಯುತ್ತಿತ್ತು. ಮಳೆ ಬೀಸಿ ಹೊಡೆಯುವ ಆ ಗೋಡೆ ಜಂಬಿಟ್ಟಿಗೆಯದು. ಕುಡಿದ ನೀರನ್ನು ಅದು ಒಳಗಿನ ಗಾಳಿಗೆ ಬಿಡುತ್ತಲೇ ಇತ್ತು.

ಅಂದವನ್ನು ಬದಿಗಿಟ್ಟು ತೇವವನ್ನೇ ಲೆಕ್ಕಕ್ಕೆ ತೆಗೆದುಕೊಂಡದ್ದು ಆಮೇಲೆ. ಗರಗಸ, ಬಾಚಿ, ಕೊಡತಿಗಳನ್ನು ಮನೆಯೊಳಗಿನ ಅಡ್ಡಗೋಡೆಗೆ ವರ್ಗಾಯಿಸಿ, ಗೋಡೆಗೂ ಹಲಗೆಗೂ ನಡುವೆ ಒಂದೂವರೆ ಇಂಚಿನ ರೀಪು ಕೊಟ್ಟು, ಹಿಂದೆ ಗಾಳಿಯಾಡುವಂತೆ ಮಾಡಿದೆ. ಗರಗಸದ ಹಲ್ಲುಗಳಿಗೆ ಬಿದಿರಿನ ಸೀಳನ್ನು ತೊಡಿಸಿದೆ. ಹಗ್ಗ ಬಿಗಿದ ಚೌಕಟ್ಟಿನ ಗರಗಸಗಳನ್ನು ಹಗ್ಗ ಸಡಿಲಿಸಿಯೇ ಇಡುತ್ತೇನೆ.

ಉಳಿಗಳು ಮತ್ತು ಮರವನ್ನು ಹೆರೆದು ನುಣುಪು ಮಾಡುವ, ನಮ್ಮ ಆಚಾರಿಗಳು ಹತ್ತರಿ ಎನ್ನುವ ಕೀಸುಳಿಗಳು ಹೋದದ್ದು ಬೀಟೆಯ ಹಳೆಯ ಬೀರುವಿಗೆ. ಅದರ ತಳದಲ್ಲಿ 15 ವಾಟ್‌ನ ಹಳೆಯ ಬಗೆಯ ತಂತಿಯ ಬಲ್ಬನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಹಗಲಿರುಳು ಉರಿಸುತ್ತೇನೆ. ಬಟ್ಟೆ, ಕಾಗದ, ಮರ ಯಾವುದೂ ತಾಗದಂತೆ ಅದರ ಸುತ್ತ ತಂತಿಬಲೆಯಿದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸವಾಗದು, ಏಕೆಂದರೆ ಇಲ್ಲಿ ಬೇಕಾಗಿರುವುದು ಬೆಳಕಲ್ಲ, ಶಾಖ. 25 ಡಿಗ್ರಿಯಲ್ಲಿ ಶೇಕಡಾ 90ರಷ್ಟು ತೇವಾಂಶವಿರುವ ಗಾಳಿಯನ್ನು 30 ಡಿಗ್ರಿಗೆ ಬಿಸಿಮಾಡಿದರೆ, ಒಂದು ಹನಿ ನೀರನ್ನೂ ತೆಗೆಯದೆಯೇ ಅದರ ಸಾಪೇಕ್ಷ ತೇವಾಂಶ, ಅಂದರೆ ಆ ಗಾಳಿ ಹಿಡಿದಿಡಬಲ್ಲಷ್ಟು ನೀರಿನಲ್ಲಿ ಈಗಿರುವುದರ ಪಾಲು, ಸುಮಾರು 67ಕ್ಕೆ ಇಳಿಯುತ್ತದೆ. ತುಕ್ಕು ಚುರುಕಾಗುವುದು ಸಾಮಾನ್ಯವಾಗಿ 60ರ ಆಚೆಗಾದ್ದರಿಂದ, ಉಳಿದ ಅಂತರವನ್ನು ಹೊಲಿಗೆ ಯಂತ್ರದ ಎಣ್ಣೆಯ ತೆಳುವಾದ ಲೇಪ ನೋಡಿಕೊಳ್ಳುತ್ತದೆ. ಹಿಡಿಗಳಿಗೆ ಮಾತ್ರ ಅಗಸೆ ಎಣ್ಣೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ನಾನು ಬಿಡಿಸಿ ಬೇಲಿಯ ಮೇಲೆ ಒಣಗಿಸುತ್ತೇನೆ.

ಬೀರುವಿನ ಸೆಳೆಖಾನೆಗಳು ಮೂರೇ ಇಂಚು ಆಳದವು. ಆಳವಾದ ಖಾನೆಯಲ್ಲಿ ಒಂದರ ಮೇಲೊಂದು ಹೇರಿ, ಅಡಿಯದನ್ನು ಎಳೆಯುವಾಗ ಮೇಲಿನದರ ಬಾಯಿ ಮುರಿದುಕೊಂಡ ಬಳಿಕ ಈ ಅಳತೆಗೆ ಬಂದೆ. ಕೀಸುಳಿಯ ಅಲಗನ್ನು ಒಳಕ್ಕೆಳೆದು, ಮರದವುಗಳ ಬೆಣೆಯನ್ನು ಸಡಿಲಿಸಿ ಇಡುತ್ತೇನೆ. ಬೆಲೆಬಾಳುವ ಆರು ಉಳಿಗಳನ್ನು ಅಕ್ಕರೆಯಿಂದ ಚರ್ಮದ ಒರೆಯಲ್ಲಿ ಸುತ್ತಿಟ್ಟದ್ದು ನನ್ನ ದೊಡ್ಡ ತಪ್ಪು: ಚರ್ಮ ತೇವವನ್ನು ಹಿಡಿದಿಟ್ಟುಕೊಂಡು, ಬಯಲಲ್ಲಿದ್ದ ಉಳಿಗಳಿಗಿಂತ ಅವನ್ನೇ ಮೊದಲು ಕೆಡಿಸಿತು.

ಸಂಖ್ಯೆ ಐವತ್ತು ದಾಟಿದಾಗ ನೆನಪು ಕೈಕೊಟ್ಟಿತು. ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ, ಮನೆಯಲ್ಲಿ ಆಗಲೇ ಇದ್ದ ಅಳತೆಯ ಸ್ಟಾನ್ಲಿ ಕಂಪನಿಯ ನಂಬರ್ 4 ಕೀಸುಳಿಯನ್ನೇ ಮತ್ತೊಮ್ಮೆ ಕೊಂಡು ತಂದೆ. ಅಂದಿನಿಂದ ಒಂದು ರಿಜಿಸ್ಟರ್ ಇದೆ: ಕ್ರಮಸಂಖ್ಯೆ, ಎಲ್ಲಿ ಸಿಕ್ಕಿತು, ಕೊಟ್ಟ ಬೆಲೆ, ಅಳತೆ, ಮೈಮೇಲಿನ ಮುದ್ರೆ. ಮುದ್ರೆಯನ್ನು ಕಾಗದವಿಟ್ಟು ಪೆನ್ಸಿಲ್‌ನಿಂದ ಉಜ್ಜಿ ಪಡಿಯಚ್ಚು ತೆಗೆದು ಅಂಟಿಸುತ್ತೇನೆ. ಇಂಗ್ಲೆಂಡಿನ ಮುದ್ರೆಯಿರುವ ಆ ಎರಡನೆಯ ಸ್ಟಾನ್ಲಿ, ಕಂಪನಿಯು 1930ರ ದಶಕದಲ್ಲಿ ಶೆಫೀಲ್ಡ್‌ನಲ್ಲಿ ಕಾರ್ಖಾನೆ ಮಾಡಿಕೊಂಡ ನಂತರದ್ದೆಂದು ತಿಳಿದದ್ದು ಹೀಗೆ ಬರೆದಿಡಲು ಕುಳಿತಾಗಲೇ. ಸಂಖ್ಯೆಯನ್ನು ಕಬ್ಬಿಣದ ಮೇಲೆ ಕೊರೆಯುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ, ಹತ್ತಿಯ ಪಟ್ಟಿಯೊಂದನ್ನು ಹಿಡಿಗೆ ಕಟ್ಟಿದರೆ ಸಾಕು.

ಹೊಸದಾಗಿ ಬಂದದ್ದು ನೇರವಾಗಿ ಬೀರುವಿಗೆ ಹೋಗುವುದಿಲ್ಲ. ಒಂದು ತಿಂಗಳು ಜಗಲಿಯಲ್ಲಿ, ಬಿಳಿಯ ಕಾಗದದ ಮೇಲೆ ಇರುತ್ತದೆ. ಕಾಗದದ ಮೇಲೆ ಹಿಟ್ಟಿನಂತಹ ಪುಡಿ ಉದುರಿದ್ದರೆ ಹಿಡಿಯೊಳಗೆ ಕುಟ್ಟೆ ಹುಳು ಇದೆಯೆಂದು ಅರ್ಥ. ಕಳೆದ ತಿಂಗಳು ತಂದ ಬೈರಿಗೆ ಈಗಲೂ ಅಲ್ಲೇ ಇದೆ, ಪುಡಿ ಇನ್ನೂ ಉದುರುತ್ತಿದೆ.