ಹಳೇ ಕ್ವಾಲಿಸ್ ಹೀಟ್ ಆಗ್ತಿದ್ರೆ ಏನೇನು ನೋಡ್ಬೇಕು

ಬಿಡದಿ ಫ್ಯಾಕ್ಟರೀಲಿ 2000ದಿಂದ 2005ರವರೆಗೆ ತಯಾರಾದ ಟೊಯೊಟಾ ಕ್ವಾಲಿಸ್‌ಗಳು ಇನ್ನೂ ಓಡ್ತಾನೇ ಇವೆ, ಆದ್ರೆ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಯ್ತು ಅಂದ್ರೆ ತಕ್ಷಣ ನಿಲ್ಸಿ, ಇಂಜಿನ್ ಮೇಲ್ಭಾಗದ ಹೆಡ್ ಕ್ರ್ಯಾಕ್ ಆದ್ರೆ ಖರ್ಚು ತಡ್ಕೊಳ್ಳೋಕಾಗಲ್ಲ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಲೇಬೇಡಿ. ಪೂರ್ತಿ ತಣ್ಣಗಾದ್ಮೇಲೆ ಕೂಲೆಂಟ್ ಲೆವೆಲ್, ಹೋಸ್, ವಾಟರ್ ಪಂಪ್ ಕೆಳಗೆ ಲೀಕಿನ ಕಲೆ ನೋಡಿ. ಆಮೇಲೆ ಇಂಜಿನ್ ಆಫ್ ಇಟ್ಟೇ ಫ್ಯಾನ್‌ನ ಕೈಯಲ್ಲಿ ತಿರುಗ್ಸಿ, ಸ್ವಲ್ಪ ಬಿಗಿಯಾಗಿ ತಿರುಗ್ಬೇಕು, ಅದು ಬಿಟ್ಟು ಒಂದು ಸಲ ತಳ್ಳಿದ್ರೆ ಗಿರಗಿರ ಸುತ್ತುತ್ತೆ, ನಡುವೆ ಎಣ್ಣೆ ಜಿಡ್ಡು ಕೂತಿದೆ ಅಂದ್ರೆ ಫ್ಯಾನ್ ಕ್ಲಚ್ (ಇಂಜಿನ್ ಬಿಸಿಯಾದಾಗ ಫ್ಯಾನ್‌ನ ಜೋರಾಗಿ ತಿರುಗ್ಸೋ ಭಾಗ) ಹೋಗಿದೆ ಅಂತಾನೇ ಲೆಕ್ಕ. ಥರ್ಮೋಸ್ಟಾಟ್ (ಬಿಸಿಯಾದಾಗ ತೆರ್ಕೊಂಡು ಕೂಲೆಂಟ್‌ನ ರೇಡಿಯೇಟರ್‌ಗೆ ಬಿಡೋ ವಾಲ್ವ್) ಬಿಚ್ಚಿ ಬಿಸಾಕಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕೇಳ್ಬೇಡಿ, ಕುದಿಯೋ ನೀರಿಗೆ ಹಾಕಿ ನೋಡಿ, ಬಾಯಿ ಬಿಡ್ಲಿಲ್ಲ ಅಂದ್ರೆ ಹೊಸದು ಕೂರ್ಸಿ. ಬೋರ್‌ವೆಲ್ ನೀರು ಮಾತ್ರ ಹಾಕ್ಲೇಬೇಡಿ, ರೇಡಿಯೇಟರ್ ಒಳಗೆಲ್ಲ ಉಪ್ಪು ಕಟ್ಟುತ್ತೆ.